ಸಹಾಯ ಬೇಕು: ಹೆದ್ದಾರಿಯಲ್ಲಿ ಟ್ರೇಲರ್ ತೂಗಾಡುತ್ತಿದೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಕಳೆದ ತಿಂಗಳು 28 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಂಡೆವು. ಎಳೆಯುವುದು ನಮ್ಮ ಪಿಕಪ್ ಟ್ರಕ್. ಮನೆಯಲ್ಲಿ ಯಾರಿಗೂ ಇದರ ಅನುಭವವಿಲ್ಲ. ವೇಗ ಗಂಟೆಗೆ 55 ಮೈಲಿ ದಾಟಿದಾಗ ಪಕ್ಕದಲ್ಲೊಂದು ಲಾರಿ ಹಾದುಹೋದರೆ ಸಾಕು, ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆಯವರ ರಾಮನಾಮ ಜೋರಾಗುತ್ತದೆ.

ಟೈರಿನ ಗಾಳಿ ಸರಿಯಿದೆ. ಭಾರ ಹಂಚುವ ಹಿಚ್ (ಟ್ರೇಲರನ್ನು ಪಿಕಪ್ಪಿಗೆ ಜೋಡಿಸುವ ಕೊಂಡಿ) ಕೂಡ ಹಾಕಿಸಿದ್ದೇವೆ. ತೂಗಿಸಿದಾಗ ಟ್ರೇಲರ್ ಒಟ್ಟು 7,000 ಪೌಂಡ್, ಹಿಚ್ ಮೇಲೆ ಬೀಳುವ ಭಾರ 620 ಮಾತ್ರ. ಅದು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕಂತೆ, ಕಡಿಮೆಯಾದರೆ ಹೀಗೆ ತೂಗಾಡುತ್ತದಂತೆ. ಮುಂದೆ ಭಾರ ಕಡಿಮೆಯಾಗಲು ಕಾರಣವೂ ತಿಳಿದಿದೆ: 40 ಗ್ಯಾಲನ್ ನೀರಿನ ಟ್ಯಾಂಕ್ ಚಕ್ರಗಳ ಹಿಂದಿದೆ, ತುಂಬಿದರೆ ನೀರೇ 330 ಪೌಂಡ್. ಅದರ ಮೇಲೆಯೇ ಅಕ್ಕಿ ಚೀಲ, ಗ್ರೈಂಡರ್ (ಬಿಟ್ಟು ಬನ್ನಿ ಎನ್ನುವ ಧೈರ್ಯ ನನಗಿಲ್ಲ).

ಸಾಮಾನನ್ನೆಲ್ಲ ಮುಂದಕ್ಕೆ ಸರಿಸಿದರೆ ಭಾರ ಪಿಕಪ್ ಮೇಲೆ ಬೀಳುತ್ತದೆ. ಅದರ ಬಾಗಿಲಿನ ಚೀಟಿಯ ಪ್ರಕಾರ, ಜನ ಸಾಮಾನು ಸೇರಿ ಅದು ಹೊರಬಹುದಾದ ಮಿತಿ 1,500 ಪೌಂಡ್. ಟ್ರೇಲರಿನ ಆ 620, ಹಿಚ್, ನಾವು ಐದು ಜನ ಸೇರಿ ಈಗಲೇ 1,420. ನೀರಿಲ್ಲದೆ ಹೊರಡೋಣವೆಂದರೆ ಹೋಗುವ ಜಾಗದಲ್ಲಿ ನಲ್ಲಿಯಿಲ್ಲ.

ಇಂಥ ಟ್ರೇಲರ್ ಎಳೆದು ಅಭ್ಯಾಸವಿರುವವರು ಹೇಳಿ: ಹೆದ್ದಾರಿ ಮುಗಿಯುವವರೆಗೆ ಟ್ಯಾಂಕ್ ಖಾಲಿ ಇಟ್ಟು, ಕೊನೆಯ ಊರಿನಲ್ಲಿ ನೀರು ತುಂಬಿಸಿಕೊಂಡು ನಿಧಾನವಾಗಿ ಹೋದರೆ ಸಾಕೇ, ಅಥವಾ ಪಿಕಪ್ಪನ್ನೇ ಬದಲಿಸಬೇಕೇ?