ಹಳದಿ ಸೆಲ್ ‘ತೆಗೆಯಿರಿ’ ಅಂದರೆ ಏನು ಮಾಡಬೇಕು? ಫಿಲ್ಟರ್, ಡಿಲೀಟ್‌ಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿನ ಆಫೀಸಿನವರಿಗೆ ಎಕ್ಸೆಲ್ ಬಗ್ಗೆ ಕನ್ನಡದಲ್ಲಿ ನಾಲ್ಕಾರು ಪುಟ ಬರೆದುಕೊಡ್ತಾ ಇದ್ದೇನೆ. ಅವರ ಹಾಳೆಯಲ್ಲಿ ರೈತರ ಹೆಸರು, ಊರು, ಇಟ್ಟ ಬಾಕ್ಸ್ ಎಷ್ಟು, ಬಾಡಿಗೆ ಬಾಕಿ ಎಷ್ಟು ಅಂತ ಸಾಲುಗಳಿವೆ. ಬಾಕಿ ಚುಕ್ತಾ ಮಾಡಿ ಮಾಲು ಒಯ್ದವರ ಸಾಲಿಗೆ ಹಳದಿ ಬಣ್ಣ ಹಚ್ಚುತ್ತಾರೆ. ಸೀಜನ್ ಮುಗಿದ ಮೇಲೆ ಹಳದಿ ಸಾಲುಗಳನ್ನೆಲ್ಲ ಒಂದೇ ಸಲ ಆಚೆ ಹಾಕಬೇಕು. ಫಿಲ್ಟರ್ ಹಾಕಿ ಹಳದಿಯವು ಮಾತ್ರ ಕಾಣುವಂತೆ ಮಾಡಿ, ಅವನ್ನ ಡಿಲೀಟ್ ಮಾಡಿದರೆ ಆಯ್ತು, ಕೆಲಸ ಎರಡು ನಿಮಿಷದ್ದು. ಪದ ಮಾತ್ರ ಸಿಗ್ತಾ ಇಲ್ಲ.

ಅಲ್ಲಿ ಕಂಪ್ಯೂಟರ್ ಪಕ್ಕದ ಗೋಡೆಗೆ ಮೊದಲೇ ಯಾರೋ ಒಂದು ಚೀಟಿ ಅಂಟಿಸಿದ್ದರು: ‘ತಿಂಗಳ ಕೊನೆಗೆ ಹಳದಿ ಸೆಲ್ ಸೋಸಿ ತೆಗೆಯಿರಿ.’ (ಸೆಲ್ ಅಂದರೆ ಹಾಳೆಯ ಒಂದು ಮನೆ.) ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅದನ್ನ ಓದಿ ಕೇಳಿದಳು, “ಸರ, ಹಳದಿ ತಗೀರಿ ಅಂದ್ರ ಅಳಸೂದೋ, ಇಲ್ಲಾ ಬ್ಯಾರೆ ಹಾಳ್ಯಾಗ ತಗದ ಇಡೂದೋ?” ಸರಿಯಾದ ಪ್ರಶ್ನೆ ಅಲ್ವಾ? ನಮ್ಮ ‘ತೆಗೆ’ ಎರಡೂ ಕಡೆ ನಡೆಯುತ್ತದೆ. ಬ್ಯಾಂಕಿನಿಂದ ರೊಕ್ಕ ತೆಗೆದರೆ ಅದು ಕೈಗೆ ಬರುತ್ತದೆ, ಹೊಲದಾಗಿನ ಕಸ ತೆಗೆದರೆ ಅದು ಬದುವಿಗೆ ಹೋಗುತ್ತದೆ. ಹಳದಿ ಸಾಲು ರೊಕ್ಕವೋ ಕಸವೋ ಅಂತ ಚೀಟಿ ಹೇಳುವುದಿಲ್ಲ. ಇನ್ನೂ ಒಂದು ಅರ್ಥ ಇದೆ ನೋಡಿ, ಬರೀ ಹಳದಿ ಬಣ್ಣವನ್ನಷ್ಟೇ ತೆಗೆದು ಹೆಸರು ಹಾಗೇ ಬಿಡುವುದು. ಅದನ್ನೂ ಜನ ‘ಹಳದಿ ತೆಗಿ’ ಅಂತಲೇ ಹೇಳುತ್ತಾರೆ.

ಡಿಲೀಟ್‌ಗೆ ‘ಅಳಿಸು’ ಇದೆಯಲ್ಲ ಅಂತೀರಿ. ಮೊಬೈಲ್‌ಗಳಲ್ಲೂ ಅದೇ ಬರುತ್ತದೆ. ಆದರೆ ಎಕ್ಸೆಲ್‌ನಲ್ಲಿ ಕೀಬೋರ್ಡಿನ ಡಿಲೀಟ್ ಕೀಲಿ ಒತ್ತಿದರೆ ಒಳಗಿನ ಬರಹ ಮಾತ್ರ ಹೋಗುತ್ತದೆ. ಸೆಲ್ ಅಲ್ಲೇ ಇರುತ್ತದೆ, ಹಳದಿ ಬಣ್ಣವೂ ಇರುತ್ತದೆ. ಖಾಲಿ ಹಳದಿ ಪಟ್ಟಿಗಳು ನಡುನಡುವೆ ಉಳಿಯುತ್ತವೆ. ಸೆಲ್ಲನ್ನೇ ಕೀಳಬೇಕಾದರೆ ಕಂಟ್ರೋಲ್ ಜೊತೆ ಮೈನಸ್ ಒತ್ತಬೇಕು. ಆಗ ಒಂದು ಸಣ್ಣ ಪೆಟ್ಟಿಗೆ ತೆರೆದು ಕೇಳುತ್ತದೆ: ಪಕ್ಕದ ಸೆಲ್‌ಗಳನ್ನು ಎಡಕ್ಕೆ ಸರಿಸಲೋ, ಕೆಳಗಿನವನ್ನು ಮೇಲಕ್ಕೆ ಸರಿಸಲೋ, ಇಡೀ ಸಾಲೇ ಹೋಗಲೋ, ಇಡೀ ಕಾಲಂ ಹೋಗಲೋ. ಹೆಸರಿನ ಸೆಲ್‌ಗಳನ್ನಷ್ಟೇ ಹಿಡಿದುಕೊಂಡು ‘ಮೇಲಕ್ಕೆ’ ಅಂದಿರೋ, ಹೆಸರು ಒಂದು ಮನೆ ಮೇಲೆ ಏರುತ್ತದೆ, ಬಾಕ್ಸಿನ ಲೆಕ್ಕ ಇದ್ದಲ್ಲೇ ಇರುತ್ತದೆ, ತಿಕೋಟಾದವರ ಮಾಲು ಬಬಲೇಶ್ವರದವರ ಹೆಸರಿಗೆ ಬೀಳುತ್ತದೆ, ಅದನ್ನ ಯಾರೂ ಗಮನಿಸದೆ ಹಾಳೆ ಸೇವ್ ಆಗಿಬಿಟ್ಟರೆ ಆಮೇಲೆ ಜಗಳ ಬಿಡಿಸೋಕೆ ಕೂಡಬೇಕು. ಅದಕ್ಕೇ ಇವೆರಡಕ್ಕೂ ‘ಅಳಿಸು’ ಅಂತ ಒಂದೇ ಪದ ಹಾಕೋಕೆ ನನಗೆ ಮನಸ್ಸಿಲ್ಲ.

ನಾನು ಅಂದುಕೊಂಡಿರುವುದು ಹೀಗೆ. ಬರಹ ಮಾತ್ರ ಹೋಗುವುದಕ್ಕೆ ‘ಅಳಿಸು’ ಇರಲಿ. ಇಡೀ ಸಾಲು ಹೋಗುವುದಕ್ಕೆ ‘ಕಮಿ ಮಾಡು’. ನಮ್ಮ ಕಡೆ ಉತಾರದ ವ್ಯವಹಾರ ಗೊತ್ತಿದ್ದವರಿಗೆ ಇದು ದಿನಾ ಬಾಯಲ್ಲಿರುವ ಮಾತು. ತೀರಿಹೋದವರ ಹೆಸರು ಕಮಿ ಮಾಡಿ ವಾರಸುದಾರರ ಹೆಸರು ಹಚ್ಚುತ್ತಾರೆ, ಸಾಲ ತೀರಿದ ಮೇಲೆ ಬೋಜಾ ಕಮಿ ಮಾಡಿಸುತ್ತಾರೆ. (ಮೈಸೂರು ಕಡೆಯವರಿಗೆ: ಉತಾರ ಅಂದರೆ ನಿಮ್ಮ ಪಹಣಿ, ಬೋಜಾ ಅಂದರೆ ಅದರ ಮೇಲೆ ಕೂತ ಸಾಲದ ಹೊರೆ.) ದಾಖಲೆಯಿಂದ ಒಂದು ನಮೂದು ಪೂರಾ ಹೋಗಬೇಕು, ಅಕ್ಷರ ಉಜ್ಜಿದರೆ ಸಾಲದು ಅನ್ನುವ ಅರ್ಥ ಅದರಲ್ಲಿ ತಾನಾಗೇ ಇದೆ.

ಇದಕ್ಕೆ ಗೆಳೆಯರೊಬ್ಬರು ತಕರಾರು ತೆಗೆದರು. ಎಕ್ಸೆಲ್‌ನಲ್ಲಿ ಸಾಲು ಯಾವತ್ತೂ ಕಮಿ ಆಗುವುದಿಲ್ಲ, 2007ರ ಆವೃತ್ತಿಯಿಂದ ಈಚೆಗೆ ಹಾಳೆಗೆ 10,48,576 ಸಾಲು, ನೀವು ಮೇಲೆ ನೂರು ಕಿತ್ತರೆ ಅದು ಕೆಳಗೆ ನೂರು ಖಾಲಿ ಸಾಲು ಸೇರಿಸಿಕೊಳ್ಳುತ್ತದೆ ಅಂತ. ಮಾತು ನಿಜ. ಆದರೆ ಆ ಹತ್ತು ಲಕ್ಷದ ಲೆಕ್ಕ ಯಾರಿಗೆ ಬೇಕು, ರೈತರ ಪಟ್ಟಿ ಕಮಿ ಆಯ್ತೋ ಇಲ್ಲವೋ ಅಷ್ಟೇ.

ಇನ್ನು ಫಿಲ್ಟರ್. ‘ಶೋಧಿಸು’ ಬೇಡ ಅನ್ನಿಸುತ್ತದೆ. ಅದಕ್ಕೆ ಹುಡುಕು ಅನ್ನೋ ಅರ್ಥವೂ ಇದೆ, ಹುಡುಕುವುದು ಎಕ್ಸೆಲ್‌ನಲ್ಲಿ ಬೇರೆಯೇ ಕೆಲಸ. ‘ಸೋಸು’ ಚೆನ್ನಾಗಿದೆ, ಆದರೆ ಚಹಾ ಸೋಸಿದರೆ ಚರಟ ಚೆಲ್ಲುತ್ತೇವೆ. ನಮ್ಮ ‘ಸಾಣಿಸು’ ಇನ್ನೂ ತೊಂದರೆ: ಹಿಟ್ಟು ಬೇಕಾದರೆ ಸಾಣಿಗೆಯಿಂದ ಕೆಳಗೆ ಬಿದ್ದದ್ದು ನಮ್ಮದು, ರವೆ ಬೇಕಾದರೆ ಮೇಲೆ ಉಳಿದದ್ದು. ಎಕ್ಸೆಲ್ ಏನನ್ನೂ ಚೆಲ್ಲುವುದಿಲ್ಲ. ಬಣ್ಣದ ಮೇಲೆ ಫಿಲ್ಟರ್ ಹಾಕಿದಾಗ ಎಡಗಡೆಯ ಸಾಲಿನ ನಂಬರು ನೋಡಿ: ನೀಲಿ ಆಗಿರುತ್ತವೆ, 4 ಆದಮೇಲೆ 9, 9 ಆದಮೇಲೆ 17 ಹೀಗೆ ಜಿಗಿಯುತ್ತವೆ. ನಡುವಿನವು ಹಾಳೆಯಲ್ಲೇ ಇವೆ, ಕಾಣುತ್ತಿಲ್ಲ ಅಷ್ಟೇ. ಹಳದಿ ಸಾಲುಗಳನ್ನ ಕಮಿ ಮಾಡಿ ಫಿಲ್ಟರ್ ಬಿಚ್ಚಿದರೆ ಉಳಿದವೆಲ್ಲ ವಾಪಸ್ ಬರುತ್ತವೆ. ಆದ್ದರಿಂದ ಈ ಕ್ರಿಯೆಯ ಜೀವ ಇರುವುದು ಮರೆ ಮಾಡುವುದರಲ್ಲಿ. ‘ಹಳದಿಯವು ಮಾತ್ರ ಕಾಣುವಂತೆ ಮಾಡಿ’ ಅಂತ ಬಿಡಿಸಿ ಬರೆದರೆ ಯಾರಿಗೂ ಗೊಂದಲ ಇಲ್ಲ, ಉದ್ದ ಆಗುತ್ತದೆ ಅನ್ನುವುದೊಂದೇ ಕೊರತೆ. ಒಂದು ಪದವೇ ಬೇಕು ಅಂದರೆ ನಾನು ಸುಮ್ನೆ ‘ಫಿಲ್ಟರ್ ಹಾಕಿ’ ಅಂತ ಬಿಡುತ್ತೇನೆ. ನೀರಿನ ಫಿಲ್ಟರ್ ಮನೆಮನೆಗೂ ಬಂದಿರುವಾಗ ಇದೇನು ಹೊಸ ಪದ ಅಲ್ಲ.

ಹೈಲೈಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಗ್ಲಿಷಿನಲ್ಲೇ ಅದು ಗೊಂದಲದ ಪದ. ಮೌಸ್ ಎಳೆದು ಹಿಡಿದ ಸೆಲ್ಲಿಗೂ ಹೈಲೈಟ್ ಅಂತಾರೆ, ಬಣ್ಣ ತುಂಬಿದ್ದಕ್ಕೂ ಅಂತಾರೆ. ನಮಗೆ ಆ ಕಷ್ಟ ಇಲ್ಲ. ಮೊದಲನೆಯದು ‘ಹಿಡಿದ ಸೆಲ್’, ಎರಡನೆಯದು ‘ಬಣ್ಣ ಹಚ್ಚಿದ ಸೆಲ್’. ‘ಎದ್ದುಕಾಣಿಸಿದ ಕೋಶ’ ಅಂತ ಒಂದು ಅನುವಾದದಲ್ಲಿ ಓದಿದೆ, ದಯವಿಟ್ಟು ಬೇಡ.

ಈಗ ಕೇಳಬೇಕಾದದ್ದು. ‘ಕಮಿ ಮಾಡು’ ಈ ಅರ್ಥದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ನಡೆಯುತ್ತದೆ, ಅದು ಗೊತ್ತು. ಕಲಬುರಗಿ, ರಾಯಚೂರು ಕಡೆ ದಾಖಲೆಯಿಂದ ಹೆಸರು ಹೋಗುವುದಕ್ಕೆ ಏನಂತಾರೆ? ದಕ್ಷಿಣದವರು ‘ಕಮಿ’ ಅಂದಾಗ ಬರೀ ‘ಕಡಿಮೆ’ ಅಂತ ತಿಳಿದು, ಬಾಕ್ಸಿನ ಸಂಖ್ಯೆ ಇಳಿಸಬೇಕು ಅಂದುಕೊಳ್ಳುವ ಭಯ ಇದೆಯಾ? ಹಾಗಿದ್ದರೆ ಕೈಪಿಡಿಯಲ್ಲಿ ‘ಸಾಲು ಕಿತ್ತುಹಾಕಿ’ ಅಂತ ಬರೆಯುತ್ತೇನೆ, ಕಿವಿಗೆ ಸ್ವಲ್ಪ ಒರಟಾದರೂ ಅಡ್ಡಿ ಇಲ್ಲ. ‘ತೆಗೆ’ಯನ್ನಂತೂ ಎಲ್ಲ ಪುಟಗಳಿಂದಲೂ ಕಮಿ ಮಾಡಿದ್ದೇನೆ. ಮುಂದಿನ ವಾರ ಪ್ರಿಂಟಿಗೆ ಹೋಗುತ್ತದೆ, ಅಷ್ಟರೊಳಗೆ ಯಾರಾದರೂ ಹೇಳಿದರೆ ಉಪಕಾರ.