ಸಹಾಯ ಬೇಕು: ಡಬಲ್ ಮಾರ್ಕರ್ ಜೊತೆ ಬಂದ ‘ಹೈ ರಿಸ್ಕ್’ ರಿಪೋರ್ಟ್

ಎಲ್ಲರಿಗೂ ನಮಸ್ಕಾರ. ತಂಗಿಗೆ ಚೊಚ್ಚಲು, ಈಗ 12 ವಾರ ತುಂಬಿದೆ. ಡಬಲ್ ಮಾರ್ಕರ್ (ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ನೋಡುವ ರಕ್ತ ಪರೀಕ್ಷೆ) ಜೊತೆಗೇ ಪಿಎಲ್‌ಜಿಎಫ್ ಅನ್ನೋ ಪ್ರೋಟೀನಿನ ರಕ್ತ ಪರೀಕ್ಷೆಯೂ ಆಯಿತು. ‘ಪ್ರಿಎಕ್ಲಾಂಪ್ಸಿಯಾ ಹೈ ರಿಸ್ಕ್, 1:60’ ಅಂತ ಕೆಂಪಕ್ಷರದಲ್ಲಿ ಬಂದಿದೆ; ಅಂದರೆ ಬಸುರಿಯಲ್ಲಿ ಬಿಪಿ ಏರಿ ತಾಯಿ-ಮಗುವಿಗೆ ತೊಂದರೆ ಕೊಡುವ ಕಾಯಿಲೆಯ ಅಪಾಯ ಹೆಚ್ಚು ಅಂತ. ಬಿಪಿ ಮಾತ್ರ 110/70!

ಡಾಕ್ಟರ್ ಹೇಳಿದ್ದು ಇಷ್ಟು: ಪಿಎಲ್‌ಜಿಎಫ್ ಬರುವುದು ಮಾಸಿನಿಂದ. ಅದು ಕಡಿಮೆಯಿದ್ದರೆ ಮಾಸು ಸರಿಯಾಗಿ ಬೇರೂರಿಲ್ಲದೆ ಇರಬಹುದು, ಮುಂದೆ ಬಿಪಿ ಏರಬಹುದು. ಕಾಯಿಲೆ ಬಂದಿದೆ ಅಂತಲ್ಲ. ಇಂಥ 60 ಜನರಲ್ಲಿ ಒಬ್ಬರಿಗೆ ಬರಬಹುದು, ಅಷ್ಟೇ. ಆ ಅಪಾಯ ತಗ್ಗಿಸಲು ರಾತ್ರಿ 150 ಎಂಜಿ ಆಸ್ಪಿರಿನ್ ಬರೆದಿದ್ದಾರೆ, 36 ವಾರದವರೆಗೆ. 16 ವಾರದೊಳಗೆ ಶುರು ಮಾಡಿದರೇ ಲಾಭ ಜಾಸ್ತಿಯಂತೆ.

ಅವಳ ಅತ್ತೆಯವರದು ಒಂದೇ ಹಟ: ‘ಬಿಪಿ ಚೆನ್ನಾಗಿದೆ ಅಲ್ವಾ, ಸುಮ್ನೆ ರಕ್ತ ತೆಳು ಮಾಡೋ ಮಾತ್ರೆ ಯಾಕೆ?’ ಅವರ ಭಯ ನನಗೂ ಅರ್ಥವಾಗುತ್ತದೆ. ಆದರೆ ದಿನ ಓಡುತ್ತಿದೆ.

ಇದೇ ರಿಪೋರ್ಟ್ ಬಂದು ಆಸ್ಪಿರಿನ್ ತಗೊಂಡವರು ಇದ್ದೀರಾ? ಹೊಟ್ಟೆ ಉರಿ ಆಯಿತಾ? ಗರ್ಭಕೋಶದ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ದಾವಣಗೆರೆಯಲ್ಲಿ ಎಲ್ಲಿ ಚೆನ್ನಾಗಿ ಮಾಡುತ್ತಾರೆ? ಮನೆಗೆ ತೋಳಿಗೆ ಕಟ್ಟುವ ಬಿಪಿ ಮಷಿನ್ ಯಾವುದು ತರಲಿ? ಅತ್ತೆಯವರಿಗೆ ತೋರಿಸಲು ಕನ್ನಡದಲ್ಲಿ ಯಾರಾದರೂ ಡಾಕ್ಟರ್ ಮಾತಾಡಿದ ವಿಡಿಯೋ ಇದ್ದರೆ ಕಳಿಸಿ.