ಎಕ್ಸ್‌ಪ್ರೆಸ್: ಮೊದ್ಲು 502 ಬರ್ತಿತ್ತು, ‘ಸರಿ’ ಮಾಡಿದ್ಮೇಲೆ 504 ಬರ್ತಿದೆ, ಎರರ್ ಹ್ಯಾಂಡ್ಲರ್ ಮಾತ್ರ ಎದ್ದೇಳ್ತಾನೇ ಇಲ್ಲ

ಕೆಚ್ಚಲುಕೋಡರ್ · ಸೋಮವಾರ ರಾತ್ರಿ 10:42

ಎಲ್ರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೈರೀಲಿ ಯಾರು ಎಷ್ಟು ಲೀಟ್ರು ಹಾಕಿದ್ರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಘನಾಂಶ) ಎಷ್ಟು ಅಂತ ಬರ್ಕೊಳ್ಳೋಕೆ ಒಂದು ಚಿಕ್ಕ ವೆಬ್ ಆಪ್ ಮಾಡ್ಕೊಟ್ಟಿದೀನಿ. ದುಡ್ಡಿಗಲ್ಲ, ನಮ್ಮ ಮಾವ ಅಲ್ಲಿ ಸೆಕ್ರೆಟರಿ, ಅದಕ್ಕೆ. ನೋಡ್ 20 (ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋದು), ಎಕ್ಸ್‌ಪ್ರೆಸ್ 4 (ಅದರ ಮೇಲಿನ ವೆಬ್ ಫ್ರೇಮ್‌ವರ್ಕ್), ಮಾಂಗೂಸ್ (ಮಾಂಗೋ ಡೇಟಾಬೇಸ್ ಜೊತೆ ಮಾತಾಡೋ ಲೈಬ್ರರಿ), ಪಿಎಂ2 (ಸತ್ತ ಪ್ರೋಸೆಸ್‌ನ ಮತ್ತೆ ಎಬ್ಬಿಸೋದು) ಅಡೀಲಿ ಒಂದೇ ಪ್ರೋಸೆಸ್, ಮುಂದೆ ಎಂಜಿನ್‌ಎಕ್ಸ್ (ಬಂದ ರಿಕ್ವೆಸ್ಟನ್ನ ಆಪ್‌ಗೆ ದಾಟಿಸೋ ಸರ್ವರ್). ಡೈರೀಲಿ ಎರಡು ಟ್ಯಾಬ್‌ಲ್ಲಿ ಎಂಟ್ರಿ ಹಾಕ್ತಾರೆ, ಊರವರು ಮನೆಯಿಂದ ಫೋನಲ್ಲಿ ತಮ್ಮ ಲೆಕ್ಕ ನೋಡ್ಕೊಳ್ತಾರೆ.

ತೊಂದ್ರೆ ಏನಂದ್ರೆ ಬೆಳಗ್ಗೆ 6ರಿಂದ 7ರ ತನಕ ಹಾಲು ಹಾಕೋ ಹೊತ್ತಲ್ಲೇ ಇದ್ದಕ್ಕಿದ್ದಂಗೆ ಎಲ್ರಿಗೂ 502 (ಹಿಂದಿರೋ ಆಪ್ ಸಿಗ್ತಿಲ್ಲ ಅನ್ನೋ ಎರರ್) ಬರೋದು, ನಾಲ್ಕೈದು ಸೆಕೆಂಡು ಬಿಟ್ಟು ತಾನೇ ಸರಿಹೋಗೋದು. ಪಿಎಂ2 ಲಿಸ್ಟ್ ನೋಡಿದ್ರೆ ರೀಸ್ಟಾರ್ಟ್ ಲೆಕ್ಕ 143! ಮಧ್ಯಾಹ್ನ ನಾನು ಕೂತು ಎಷ್ಟು ಒದ್ದಾಡಿದ್ರೂ ಒಂದ್ಸಲಾನೂ ಬರಲ್ಲ. ಎಲ್ಲೋ ಓದ್ಕೊಂಡು ಪ್ರೋಸೆಸ್‌ಗೆ ‘ಅನ್‌ಹ್ಯಾಂಡಲ್ಡ್ ರಿಜೆಕ್ಷನ್’ (ಯಾರೂ ಹಿಡೀದೇ ಬಿಟ್ಟ ಎರರ್) ಲಿಸನರ್ ಹಾಕಿ ಒಳಗೆ ಬರೀ ಕನ್ಸೋಲ್ ಲಾಗ್ ಬರೆದೆ. ರೀಸ್ಟಾರ್ಟ್ ನಿಂತ್ಹೋಯ್ತು, ಖುಷಿಯಾಯ್ತು, ಆದ್ರೆ ಈಗ ಕೆಲವು ಸಲ ಸೇವ್ ಒತ್ತಿದ್ರೆ ಸುಮ್ನೆ ಸುತ್ತಾ ಇರತ್ತೆ, ಒಂದು ನಿಮಿಷ ಆದ್ಮೇಲೆ 504 (ಆಪ್ ಹೊತ್ತಿಗೆ ಉತ್ತರ ಕೊಡ್ಲಿಲ್ಲ ಅನ್ನೋ ಎರರ್).

ಇಷ್ಟೆಲ್ಲಾ ಆಗ್ಬಾರ್ದು ಅಂತಾನೇ ಮೊದ್ಲೇ ಎರರ್ ಹ್ಯಾಂಡ್ಲರ್ ಬರೆದಿಟ್ಟಿದೀನಿ ಎಲ್ಲಾ ರೂಟ್ (ಒಂದೊಂದು ಯುಆರ್‌ಎಲ್‌ಗೆ ಬರೆದ ಕೋಡ್) ಆದ್ಮೇಲೆ ಕೊನೇಲಿ, ಅದು ಜೇಸನ್ (ಬ್ರೌಸರಲ್ಲಿರೋ ಕೋಡ್ ಓದ್ಕೊಳ್ಳೋ ಡೇಟಾ) ಕಳಿಸ್ಬೇಕು. ಅದು ಒಂದು ದಿನಾನೂ ಕೆಲ್ಸ ಮಾಡಿದ್ದು ನಾನು ನೋಡಿಲ್ಲ. ಟ್ರೈ ಕ್ಯಾಚ್ ಹಾಕಿ ನೆಕ್ಸ್ಟ್‌ಗೆ (ಮುಂದಿನ ಹ್ಯಾಂಡ್ಲರಿಗೆ ದಾಟಿಸೋ ಫಂಕ್ಷನ್) ಎರರ್ ಕೊಟ್ಟಿರೋ ಒಂದೆರಡು ರೂಟಲ್ಲೂ ಬ್ರೌಸರ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಅಂತಾನೇ ಬೈಯುತ್ತೆ. ತಲೆ ಕೆಟ್ಟೋಗಿದೆ.

ಹಳೇಪಿಎಚ್‌ಪಿ · ಸೋಮವಾರ ರಾತ್ರಿ 11:05

ಎಂಜಿನ್‌ಎಕ್ಸ್‌ಲ್ಲಿ ಪ್ರಾಕ್ಸಿ ರೀಡ್ ಟೈಮೌಟ್ 300 ಮಾಡಿ ನೋಡಿ ಬ್ರದರ್, ನಮ್ದು ಹಂಗೇ ಸರಿಹೋಗಿದ್ದು.

ಗಿರ್ಮಿಟ್ · ಸೋಮವಾರ ರಾತ್ರಿ 11:31

ಅಲ್ರೀ, ಬರದೇ ಇರೋ ಬಸ್ಸಿಗೆ ಒಂದ್ ನಿಮಿಷ ಕಾಯೋದರ ಬದ್ಲಿ ಐದ್ ನಿಮಿಷ ಕಾಯ್ರಿ ಅಂದಂಗಾತು 😄 ಟೈಮೌಟ್ ಮುಟ್ಟಬ್ಯಾಡ್ರಿ.

ಕೆಚ್ಚಲುಕೋಡರ್, ನಿಮ್ಮ 502 ಮತ್ತ 504 ಎರಡೂ ಒಂದ ರೋಗದ್ದು. ರೂಟ್ ಹ್ಯಾಂಡ್ಲರ್ ಅಸಿಂಕ್ (ಕೆಲಸ ಮುಗಿಯೋ ತನಕ ಕಾದು ಮುಂದುವರಿಯೋವು) ಅದಾವಲ್ಲ, ಒಳಗ ಅವೇಟ್ ಮಾಡಿದ್ದು ಫೇಲ್ ಆದ್ರ ಆ ಫಂಕ್ಷನ್ ರಿಜೆಕ್ಟ್ ಆದ ಪ್ರಾಮಿಸ್ (ಆಮೇಲೆ ಬರೋ ಉತ್ತರದ ಚೀಟಿ ಇದ್ದಂಗ) ವಾಪಸ್ ಕೊಡ್ತೈತಿ. ಎಕ್ಸ್‌ಪ್ರೆಸ್ 4 ಆ ಪ್ರಾಮಿಸ್ ಕಡೆ ತಿರುಗಿ ಸೈತ ನೋಡಂಗಿಲ್ಲ, ಪ್ರಾಮಿಸ್ ಅನ್ನೋದು ಜಾವಾಸ್ಕ್ರಿಪ್ಟಿಗೆ ಬರೋಕಿಂತ ಮುಂಚಿಂದ ಅದರ ಡಿಸೈನ್. ಸಿಂಕ್ ಆಗಿ ಥ್ರೋ ಆದ್ರ ಹಿಡೀತೈತಿ, ಇದನ್ನ ಹಿಡ್ಯಂಗಿಲ್ಲ. ಹಂಗಾಗಿ ಆ ರಿಜೆಕ್ಷನ್ ಯಾರೂ ಹಿಡೀದೇ ನೋಡ್ ತನಕ ಹೋಗ್ತೈತಿ. ಮೊದ್ಲ ನೋಡ್ ಬರೇ ವಾರ್ನಿಂಗ್ ಕೊಟ್ಟು ಸುಮ್ನಿರ್ತಿತ್ತು, 2020ರಾಗ ಬಂದ ನೋಡ್ 15ರಿಂದ ಪ್ರೋಸೆಸ್ಸೇ ಸಾಯ್ತೈತಿ. ಪಿಎಂ2 ಮತ್ತ ಎಬ್ಬಸ್ತೈತಿ, ಎದ್ದು ಮಾಂಗೋಗೆ ಕನೆಕ್ಟ್ ಆಗಿ ಪೋರ್ಟ್ ತೆಗೆಯೋ ತನಕ ಬಂದೋರಿಗೆಲ್ಲ 502. ಒಬ್ಬರ ತಪ್ಪಿಗೆ ಇಡೀ ಊರಿಗೆ ದಂಡ.

ಲಿಸನರ್ ಹಾಕಿದ್ರಲ್ಲ, ಆವಾಗ ಪ್ರೋಸೆಸ್ ಉಳೀತು ಖರೇ. ಆದ್ರ ಆ ರಿಕ್ವೆಸ್ಟಿಗೆ ಉತ್ತರ ಕೊಡೋರು ಯಾರು? ಹ್ಯಾಂಡ್ಲರ್ ಅರ್ಧಕ್ಕ ಸತ್ತೈತಿ, ರೆಸ್ಪಾನ್ಸ್ ಹೋಗೇ ಇಲ್ಲ. ಎಂಜಿನ್‌ಎಕ್ಸ್ 60 ಸೆಕೆಂಡ್ ಕಾದು (ಅದರ ಡೀಫಾಲ್ಟ್ ಅಷ್ಟ) 504 ಹೊಡೀತೈತಿ. ಆ ಲಿಸನರ್ ತೆಗೀರಿ, ಇಲ್ಲಾಂದ್ರ ಅದರಾಗ ಲಾಗ್ ಬರ್ದು ಪ್ರೋಸೆಸ್ ಎಕ್ಸಿಟ್ ಮಾಡಿಸ್ರಿ. ತೇಪೆ ಹಚ್ಚಿ ಓಡಿಸೋದು ಭಾಳ ಕೆಟ್ಟ ಚಟ, ನಾನೂ ಹಿಂಗ ಮಾಡಿ ಪೆಟ್ಟು ತಿಂದೀನಿ.

ಈಗ ಹೇಳ್ರಿ, ಕನ್ಸೋಲ್ ಲಾಗಿನಾಗ ಏನ್ ಬಿದ್ದೈತಿ? ಅದ ಅಸಲಿ ಸುದ್ದಿ.

ಕೆಚ್ಚಲುಕೋಡರ್ · ಮಂಗಳವಾರ ಬೆಳಗ್ಗೆ 7:50

ಈಗ ನೋಡಿದೆ ಸರ್, ನಾಚಿಕೆ ಆಗತ್ತೆ. ಸಾಲಾಗಿ ‘ಇ11000 ಡೂಪ್ಲಿಕೇಟ್ ಕೀ ಎರರ್’. ರೈತರ ಕೋಡ್, ತಾರೀಖು, ಹೊತ್ತು (ಬೆಳಗ್ಗೆನಾ ಸಂಜೆನಾ) ಈ ಮೂರಕ್ಕೂ ಸೇರಿಸಿ ಯೂನಿಕ್ ಇಂಡೆಕ್ಸ್ ಇಟ್ಟಿದೀನಿ, ಒಬ್ಬರ ಹಾಲು ಎರಡು ಸಲ ಬರ್ಕೊಳ್ಬಾರ್ದು ಅಂತ. ಬೆಳಗ್ಗೆ ಹೊತ್ತು ನೆಟ್‌ವರ್ಕ್ ತೆವಳತ್ತೆ, ಕ್ಯೂ ಉದ್ದ ಇರತ್ತೆ, ಟ್ಯಾಬ್ ಹಿಡಿದಿರೋ ಹುಡುಗ ಸೇವ್ ಬಟನ್ ಟಪ್ ಟಪ್ ಅಂತ ಎರಡು ಮೂರು ಸಲ ಒತ್ತುತ್ತಾನೆ. ಮೊದಲನೇದು ಸೇವ್ ಆಗತ್ತೆ, ಎರಡನೇದು ಸರ್ವರ್‌ನ ಸಾಯಿಸತ್ತೆ. ಮನೇಲಿ ಫಾಸ್ಟ್ ವೈಫೈಲಿ ನಾನು ಒಂದೇ ಸಲ ಒತ್ತಿ ಟೆಸ್ಟ್ ಮಾಡ್ತಿದ್ದೆ, ಅದಕ್ಕೆ ಸಿಕ್ತಿರ್ಲಿಲ್ಲ.

ಇನ್ನೊಂದು ವಿಚಿತ್ರ. ಸುಮ್ನೆ ಇಲ್ಲದೇ ಇರೋ ಒಂದು ಯುಆರ್‌ಎಲ್ ಹೊಡೆದು ನೋಡಿದೆ, 404 ಬರ್ಬೇಕಲ್ವಾ? 500 ಬಂತು, ಜೊತೆಗೆ ‘ರೆಸ್.ಸ್ಟೇಟಸ್ ಈಸ್ ನಾಟ್ ಎ ಫಂಕ್ಷನ್’ ಅಂತ. ಅದು ನನ್ನ ಎರರ್ ಹ್ಯಾಂಡ್ಲರ್ ಇರೋ ಲೈನ್ ನಂಬರ್ರೇ ತೋರಿಸ್ತಿದೆ. ಎರರ್ ಬಂದಾಗ ಎದ್ದೇಳದೇ ಇರೋನು ಎರರ್ರೇ ಇಲ್ದಾಗ ಎದ್ದು ಬಿದ್ದು ಹೋಗ್ತಿದಾನೆ??

ಬಿಸಿಬೇಳೆ404 · ಮಂಗಳವಾರ ಬೆಳಗ್ಗೆ 9:14

ಆ ಕೊನೇ ಪ್ಯಾರಾದಲ್ಲೇ ಉತ್ತರ ಇದೆ ನೋಡಿ. ನಿಮ್ಮ ಎರರ್ ಹ್ಯಾಂಡ್ಲರ್‌ಗೆ ಎಷ್ಟು ಆರ್ಗ್ಯುಮೆಂಟ್ ಇದೆ ಎಣಿಸಿ. ಬೆಟ್ ಕಟ್ತೀನಿ, ಮೂರೇ ಇರತ್ತೆ.

ಮಿಡಲ್‌ವೇರ್ ಅಂದ್ರೆ ರಿಕ್ವೆಸ್ಟ್ ದಾರೀಲಿ ಸಾಲಾಗಿ ಕೂತಿರೋ ಫಂಕ್ಷನ್. ಎಕ್ಸ್‌ಪ್ರೆಸ್‌ಗೆ ಇದು ಸಾದಾ ಮಿಡಲ್‌ವೇರಾ ಎರರ್ ಮಿಡಲ್‌ವೇರಾ ಅಂತ ಗೊತ್ತಾಗೋದು ಹೆಸರಿಂದ ಅಲ್ಲ, ಫಂಕ್ಷನ್‌ನ ಲೆಂತ್ ನೋಡಿ, ಅಂದ್ರೆ ಎಷ್ಟು ಪ್ಯಾರಾಮೀಟರ್ ಬರೆದಿದೀರ ಅನ್ನೋದರಿಂದ ಅಷ್ಟೇ. ಸರಿಯಾಗಿ ನಾಲ್ಕು ಇದ್ರೆ ಮಾತ್ರ ಎರರ್‌ದು: ಎರ್, ರೆಕ್, ರೆಸ್, ನೆಕ್ಸ್ಟ್. ನೆಕ್ಸ್ಟ್‌ನ ನೀವು ಒಳಗೆ ಬಳಸ್ತೀರೋ ಬಿಡ್ತೀರೋ ಅದಕ್ಕೆ ಸಂಬಂಧ ಇಲ್ಲ, ಅಲ್ಲಿ ಬರೆದಿರ್ಲೇಬೇಕು. ಮೂರು ಬರೆದ್ರೆ ಅದು ಮಾಮೂಲಿ ಮಿಡಲ್‌ವೇರ್. ಆಗ ನೀವು ‘ಎರ್’ ಅಂದ್ಕೊಂಡಿರೋದು ನಿಜವಾಗಿ ರಿಕ್ವೆಸ್ಟು, ‘ರೆಕ್’ ಅಂದ್ಕೊಂಡಿರೋದು ರೆಸ್ಪಾನ್ಸು, ‘ರೆಸ್’ ಅಂದ್ಕೊಂಡಿರೋದು ನೆಕ್ಸ್ಟ್ ಫಂಕ್ಷನ್ನು. ನೆಕ್ಸ್ಟ್‌ಗೆ ಸ್ಟೇಟಸ್ ಅನ್ನೋ ಮೆಥಡ್ ಎಲ್ಲಿಂದ ಬರ್ಬೇಕು ಪಾಪ. ಯಾವ ರೂಟಿಗೂ ಹೊಂದದ ಯುಆರ್‌ಎಲ್ ಕೆಳಗೆ ಜಾರಿ ಜಾರಿ ಅಲ್ಲಿಗೇ ಬಂದು ಬೀಳತ್ತೆ, ಅದಕ್ಕೇ 404 ಜಾಗದಲ್ಲಿ ಆ ಎರರ್. ನಿಜವಾದ ಎರರ್ ಬಂದಾಗ ಎಕ್ಸ್‌ಪ್ರೆಸ್ ಮಾಮೂಲಿ ಮಿಡಲ್‌ವೇರನ್ನೆಲ್ಲಾ ಹಾರಿಸ್ಕೊಂಡು ತನ್ನ ಡೀಫಾಲ್ಟ್ ಹ್ಯಾಂಡ್ಲರಿಗೆ ಹೋಗತ್ತೆ, ಅದು ಕೊಡೋದು ಎಚ್‌ಟಿಎಂಎಲ್ ಪೇಜು. ಜೇಸನ್ ಅಂತ ಪಾರ್ಸ್ ಮಾಡೋಕೆ ಹೋದ್ರೆ ಮೊದಲನೇ ಅಕ್ಷರವೇ ‘<’. ನಿಮ್ಮ ಟೋಕನ್ ಕಥೆ ಅದೇ.

ಹಾಂ, ಆ ಪೇಜಲ್ಲಿ ಫೈಲ್ ಪಾತ್ ಸಮೇತ ಸ್ಟ್ಯಾಕ್ (ಎರರ್ ಕೋಡಲ್ಲಿ ಎಲ್ಲೆಲ್ಲಿಂದ ಬಂತು ಅನ್ನೋ ಪಟ್ಟಿ) ಕಾಣಿಸ್ತಿದ್ರೆ ಸರ್ವರಲ್ಲಿ ನೋಡ್ ಎನ್ವ್ ಅನ್ನೋ ಸೆಟ್ಟಿಂಗ್ ಪ್ರೊಡಕ್ಷನ್ ಅಂತ ಸೆಟ್ ಆಗಿಲ್ಲ ಅಂತರ್ಥ. ಮೊದ್ಲು ಅದನ್ನ ಮಾಡಿ.

ಕೆಚ್ಚಲುಕೋಡರ್ · ಮಂಗಳವಾರ ಬೆಳಗ್ಗೆ 9:40

ಅಕ್ಕಾ ನಿಮ್ಗೆ ದೊಡ್ಡ ನಮಸ್ಕಾರ 🙏 ಮೂರೇ ಇದೆ. ಗಿಟ್ ಹಿಸ್ಟರಿ ತೆಗೆದು ನೋಡಿದೆ, ಮೊದಲು ನಾಲ್ಕೇ ಇತ್ತು. ‘ನೆಕ್ಸ್ಟ್ ಬಳಸಿಲ್ಲ’ ಅಂತ ಇಎಸ್‌ಲಿಂಟ್ (ಕೋಡಿನ ತಪ್ಪು ತೋರಿಸೋ ಟೂಲ್) ಹಳದಿ ಗೆರೆ ಎಳೀತಿತ್ತು, ಒಂದಿನ ‘ಲಿಂಟ್ ಕ್ಲೀನಪ್’ ಅಂತ ಕಮಿಟ್ ಹಾಕಿ ನಾನೇ ಅಳಿಸಿದೀನಿ. ಎಂಟು ತಿಂಗಳ ಹಿಂದೆ. ಸ್ಟ್ಯಾಕೂ ಕಾಣಿಸ್ತಿತ್ತು, ಮುಚ್ಚಿದೆ.

ಬಿಸಿಬೇಳೆ404 · ಮಂಗಳವಾರ ಬೆಳಗ್ಗೆ 9:52

ಎಲ್ರೂ ಒಂದ್ಸಲ ಅಳಿಸಿರ್ತೀವಿ ಬಿಡಿ. ಹೆಸರನ್ನ ಅಂಡರ್‌ಸ್ಕೋರಿಂದ ಶುರು ಮಾಡಿ, ಅಂಥ ಆರ್ಗ್ಯುಮೆಂಟ್ ಬಿಟ್ಬಿಡು ಅಂತ ಲಿಂಟ್ ಕಾನ್ಫಿಗಲ್ಲಿ ಪ್ಯಾಟರ್ನ್ ಕೊಡಿ. ಪಕ್ಕದಲ್ಲಿ ದೊಡ್ಡ ಕಾಮೆಂಟೂ ಬರೀರಿ, ಮುಂದಿನ ಕ್ಲೀನಪ್ಪೂ ನೀವೇ ಮಾಡೋದು 😀

ಗಿರ್ಮಿಟ್ · ಮಂಗಳವಾರ ಮಧ್ಯಾಹ್ನ 1:20

ಅದು ಅರ್ಧ ಆತು. ಅಸಿಂಕ್ ರಿಜೆಕ್ಷನ್ ಆ ಹ್ಯಾಂಡ್ಲರ್ ತನಕ ಬರಬೇಕಲ್ಲ. ಫೋನಿನಾಗ ಅದೀನಿ, ಕೋಡ್ ಬಾಯಿಮಾತಿನಾಗ ಹೇಳ್ತೀನಿ. ಎಕ್ಸ್‌ಪ್ರೆಸ್ 4ರಾಗ ಇರೋದಾದ್ರ ಒಂದು ಸಣ್ಣ ರ‍್ಯಾಪರ್ ಬರೀರಿ: ಹ್ಯಾಂಡ್ಲರ್ ಫಂಕ್ಷನ್ ತಗೊಂಡು, ಅದನ್ನ ಕರೆದು ಬಂದ ಪ್ರಾಮಿಸಿಗೆ ಕ್ಯಾಚ್ ಹಚ್ಚಿ ಒಳಗ ನೆಕ್ಸ್ಟ್ ಕೊಡೋ ಇನ್ನೊಂದು ಫಂಕ್ಷನ್ ವಾಪಸ್ ಮಾಡೋದು. ಮೂರು ಲೈನು. ಎಲ್ಲಾ ರೂಟಿಗೂ ಸುತ್ತಬೇಕು, ಒಂದು ಮರೆತ್ರೂ ಅಲ್ಲೇ ಹೊಂಡ. ನಾನಾದ್ರ ಎಕ್ಸ್‌ಪ್ರೆಸ್ 5ಕ್ಕ ಹೋಗ್ತಿದ್ದೆ, 2024ರಾಗ ಬಿಡುಗಡೆ ಆಗೈತಿ, ರಿಜೆಕ್ಟ್ ಆದ ಪ್ರಾಮಿಸ್ ತಾನ ಹಿಡ್ದು ನೆಕ್ಸ್ಟಿಗೆ ಕೊಡ್ತೈತಿ. ನೋಡ್ 18 ಇಲ್ಲಾ ಮ್ಯಾಲಿಂದು ಬೇಕು, ನಿಮ್ಮಲ್ಲಿ 20 ಐತಿ.

ಆಮೇಲೆ ಡೂಪ್ಲಿಕೇಟ್ ಕೀನ ‘ಸರ್ವರ್ ಎರರ್’ ಅಂತ 500 ಕಳಿಸಬ್ಯಾಡ್ರಿ. ನಿಮ್ಮ ಸರ್ವರ್ ಕೆಟ್ಟಿಲ್ಲ, ಇಂಡೆಕ್ಸ್ ತನ್ನ ಕೆಲಸಾನ ಮಾಡೈತಿ! ಎರರಿನ ಕೋಡ್ 11000 ಇದ್ರ 409 ಕೊಟ್ಟು ‘ಈ ಹೊತ್ತಿನ ಹಾಲು ಆಗಲೇ ಬರಕೊಂಡೈತಿ’ ಅನ್ರಿ. ಫ್ಯಾಟ್ ಕಾಲಮಿನಾಗ 4.2 ಬದ್ಲಿ 4,2 ಹೊಡೆದ್ರ ಮಾಂಗೂಸ್ ಸೇವ್ ಮಾಡೋ ಮುಂದ ವ್ಯಾಲಿಡೇಶನ್ ಎರರ್ ಕೊಡ್ತೈತಿ, ಅದು 400. ಇವೆಲ್ಲ ಡೈರಿ ಹುಡುಗ ತಾನ ಸರಿ ಮಾಡ್ಕೊಳ್ಳೋವು, ಕನ್ನಡದಾಗ ತಿಳಿಯಂಗ ಬರೀರಿ. ಡೇಟಾಬೇಸ್ ಬಿದ್ದಿರೋದು, ನಿಮ್ಮ ಕೋಡಿನಾಗಿನ ಟೈಪ್ ಎರರ್, ಇವು ಅವನ ಕೈಯಾಗಿಲ್ಲ, ಅದಕ್ಕ 500 ಕೊಟ್ಟು ‘ಸ್ವಲ್ಪ ತಡೆದು ನೋಡಿ’ ಅಂದ್ರ ಸಾಕು, ಪೂರ್ತಿ ವಿವರ ನಿಮ್ಮ ಲಾಗಿಗೆ. ಮಾಂಗೋದ ಮೆಸೇಜ್ ಹಂಗಹಂಗ ಹೊರಗ ಕಳಿಸಬ್ಯಾಡ್ರಿ, ಕಲೆಕ್ಷನ್ ಹೆಸರು, ಇಂಡೆಕ್ಸ್ ಹೆಸರು ಎಲ್ಲಾ ಅದರಾಗ ಇರ್ತೈತಿ.

ಬಟನ್ ಒತ್ತಿದ ಕೂಡ್ಲೆ ಡಿಸೇಬಲ್ ಮಾಡ್ರಿ, ಮಾಡೇ ಮಾಡ್ರಿ, ಆದ್ರ ಅದನ್ನ ನಂಬಿ ಸರ್ವರ್ ಕಡೆ ಸುಮ್ನ ಕೂಡಬ್ಯಾಡ್ರಿ.

ಕೆಚ್ಚಲುಕೋಡರ್ · ಗುರುವಾರ ರಾತ್ರಿ 9:30

ಅಪ್‌ಡೇಟ್. ಎಕ್ಸ್‌ಪ್ರೆಸ್ 5 ಹಾಕಿದೆ. ಸ್ಟಾರ್ಟೇ ಆಗ್ಲಿಲ್ಲ ಮೊದ್ಲು, ಫ್ರಂಟೆಂಡ್‌ಗೆ ಬರೀ ಸ್ಟಾರ್ ಹಾಕಿದ್ದ ಒಂದು ರೂಟ್ ಇತ್ತು, ಈಗ ಸ್ಟಾರ್ ಮುಂದೆ ಒಂದು ಹೆಸರು ಕೊಡ್ಬೇಕಂತೆ, ‘ಸ್ಪ್ಲ್ಯಾಟ್’ ಅಂತ ಕೊಟ್ಮೇಲೆ ಸರಿಹೋಯ್ತು. ಲಿಸನರ್‌ನೂ ತೆಗೆದೆ. ಆಮೇಲೆ ಲಾಗಲ್ಲಿ ‘ಹೆಡರ್ ಆಗ್ಲೇ ಹೋಗಿದೆ, ಮತ್ತೆ ಸೆಟ್ ಮಾಡೋಕಾಗಲ್ಲ’ ಅನ್ನೋ ಎರರ್, ಅದು ನಾನೇ ಕಂಡುಹಿಡಿದೆ, 409 ಕಳಿಸಿ ರಿಟರ್ನ್ ಮಾಡ್ದೇ ಕೆಳಗಿನ 500 ಲೈನಿಗೂ ಹೋಗ್ತಿತ್ತು.

ಬೆಳಗ್ಗೆ ಡಬಲ್ ಒತ್ತಿದ್ರೆ ಈಗ ಕನ್ನಡ ಮೆಸೇಜ್ ಬರ್ತಿದೆ, ಮಾವಂಗೆ ಖುಷಿ. ಆದ್ರೆ ಇವತ್ತು ಸಂಜೆ ಮತ್ತೆ ಒಂದು ರೀಸ್ಟಾರ್ಟ್! ಈ ಸಲ ‘ಫೆಚ್ ಫೇಲ್ಡ್’ (ಫೆಚ್ ಅಂದ್ರೆ ಬೇರೆ ಸರ್ವರಿಗೆ ರಿಕ್ವೆಸ್ಟ್ ಕಳಿಸೋ ಫಂಕ್ಷನ್). ಹಾಲು ಹಾಕೋದು ಮುಗಿದ್ಮೇಲೆ ಎಲ್ರಿಗೂ ಎಸ್‌ಎಂಎಸ್ ಕಳಿಸೋ ರೂಟಲ್ಲಿ. ಲಿಸ್ಟ್ ಮೇಲೆ ಫಾರ್‌ಈಚ್, ಒಳಗೆ ಅಸಿಂಕ್ ಫಂಕ್ಷನ್, ಹೊರಗೆ ಟ್ರೈ ಕ್ಯಾಚ್ ಕೂಡ ಇದೆ. 5ರಲ್ಲಿ ಇದೆಲ್ಲಾ ತಾನೇ ಹಿಡಿಯತ್ತೆ ಅಂದ್ರಲ್ಲ?

ಬಿಸಿಬೇಳೆ404 · ಗುರುವಾರ ರಾತ್ರಿ 10:11

5 ಹಿಡಿಯೋದು ನಿಮ್ಮ ಹ್ಯಾಂಡ್ಲರ್ ವಾಪಸ್ ಕೊಡೋ ಆ ಒಂದು ಪ್ರಾಮಿಸ್ ಮಾತ್ರ. ಫಾರ್‌ಈಚ್ ತನ್ನೊಳಗಿನ ಫಂಕ್ಷನ್ ಏನು ವಾಪಸ್ ಕೊಡತ್ತೋ ಅದನ್ನ ಬಿಸಾಕತ್ತೆ. ನೂರು ಜನಕ್ಕೆ ನೂರು ಪ್ರಾಮಿಸ್ ಹುಟ್ಕೊಂಡು ಅನಾಥ ಆಗ್ತಾವೆ, ಅಷ್ಟೊತ್ತಿಗೆ ಹೊರಗಿನ ಟ್ರೈ ಮುಗಿದು ರೆಸ್ಪಾನ್ಸೂ ಹೋಗಿರತ್ತೆ. ಅದರಲ್ಲಿ ಒಂದು ಫೇಲ್ ಆದ್ರೂ ಮತ್ತೆ ಅದೇ ಹಳೇ ದಾರಿ, ಪ್ರೋಸೆಸ್ ಢಮಾರ್. ಸೆಟ್ ಟೈಮೌಟ್ ಒಳಗಿನ ಥ್ರೋ, ಹಳೇ ಕಾಲ್‌ಬ್ಯಾಕ್ ಒಳಗಿನ ಥ್ರೋ, ಇವೂ ಇದೇ ಜಾತಿ.

ಮ್ಯಾಪ್ ಮಾಡಿ ಎಲ್ಲಾ ಪ್ರಾಮಿಸ್ಸನ್ನ ‘ಪ್ರಾಮಿಸ್.ಆಲ್‌ಸೆಟಲ್ಡ್’ಗೆ ಕೊಟ್ಟು ಅವೇಟ್ ಮಾಡಿ. ಬರೀ ‘ಆಲ್’ ಬೇಡ, ಅದಾದ್ರೆ ಮೊದಲನೇ ಫೇಲಿಗೇ ರಿಜೆಕ್ಟ್ ಆಗತ್ತೆ, ಉಳಿದವರಿಗೆ ಹೋಯ್ತೋ ಇಲ್ವೋ ಗೊತ್ತಾಗಲ್ಲ. ಆಲ್‌ಸೆಟಲ್ಡ್ ಯಾರಿಗೆ ಹೋಯ್ತು ಯಾರಿಗೆ ಹೋಗ್ಲಿಲ್ಲ ಅಂತ ಒಂದೊಂದರ ಲೆಕ್ಕ ಕೊಡತ್ತೆ. ಫೆಚ್ ಇನ್ನೊಂದು ಆಟ ಆಡತ್ತೆ ನೆನಪಿರ್ಲಿ, ಎಸ್‌ಎಂಎಸ್ ಕಂಪನಿಯೋರ ಸರ್ವರ್ 500 ಕೊಟ್ರೂ ಅದು ರಿಜೆಕ್ಟ್ ಆಗಲ್ಲ, ನೆಟ್‌ವರ್ಕ್ ಬಿದ್ರೆ ಮಾತ್ರ. ‘ರೆಸ್ಪಾನ್ಸ್.ಓಕೆ’ ನೀವೇ ನೋಡಿ ಥ್ರೋ ಮಾಡ್ಬೇಕು.

ಕೆಚ್ಚಲುಕೋಡರ್ · ಭಾನುವಾರ ಬೆಳಗ್ಗೆ 8:05

ಮೂರು ದಿನದಿಂದ ರೀಸ್ಟಾರ್ಟ್ ಸೊನ್ನೆ. ನಿನ್ನೆ ಸಂಜೆ 11 ಜನಕ್ಕೆ ಎಸ್‌ಎಂಎಸ್ ಹೋಗಿಲ್ಲ ಅಂತ ಲಾಗಲ್ಲಿ ಕೋಡ್ ಸಮೇತ ಬಂತು, ಬೆಳಗ್ಗೆ ಆ ಲಿಸ್ಟ್ ಮಾವಂಗೆ ಕೊಟ್ಟೆ, ಅವರು ಹಾಲು ಅಳೀತಾ ಬಾಯಲ್ಲೇ ಹೇಳಿ ಮುಗಿಸಿದ್ರು. ಈ ಥ್ರೆಡ್ಡಿಗೆ ‘ಪರಿಹಾರ ಆಗಿದೆ’ ಅಂತ ಹಾಕ್ತಿದೀನಿ. ಗಿರ್ಮಿಟ್ ಸರ್, ಬಿಸಿಬೇಳೆ ಅಕ್ಕ, ಥ್ಯಾಂಕ್ಸ್.

ಹಳೇಪಿಎಚ್‌ಪಿ · ಭಾನುವಾರ ಬೆಳಗ್ಗೆ 8:30

ನಮ್ದೂ ಒಂದ್ಸಲ ಲಾಗ್ ನೋಡಿದೆ. ಟೈಮೌಟ್ 300 ವಾಪಸ್ 60 ಮಾಡ್ತಿದೀನಿ 🤐